ಮೀನಿನ ಬಾಯಿ ನೋಡಿ ಗಾಳ ಕಟ್ಟುವುದು ಹೇಗೆ?

ಹೊಸದಾಗಿ ಗಾಳ ಹಾಕಲು ಹೊರಟವರು ಯಾವ ರಾಡ್ ಕೊಳ್ಳಬೇಕು, ಯಾವ ದಾರ ಗಟ್ಟಿ ಎಂದು ಮೊದಲು ವಿಚಾರಿಸುತ್ತಾರೆ. ಅದಕ್ಕಿಂತ ಮುಂಚೆ ತಿಳಿಯಬೇಕಾದದ್ದು, ತಾವು ಹಿಡಿಯಬೇಕೆಂದಿರುವ ಮೀನು ನೀರಿನ ಯಾವ ಮಟ್ಟದಲ್ಲಿ, ಏನನ್ನು, ಹೇಗೆ ತಿನ್ನುತ್ತದೆ ಎಂಬುದು. ಇದರ ಬಹುಪಾಲು ಉತ್ತರ ಮೀನಿನ ಬಾಯಿಯಲ್ಲೇ ಇದೆ. ಮೀನು ಮಾರುಕಟ್ಟೆಗೆ ಹೋಗಿ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಮೇಲಕ್ಕೆ ತಿರುಗಿರುತ್ತದೆ. ಅದು ನೀರಿನ ಮೇಲ್ಪದರದಲ್ಲಿ ಮೇಯುವ ಮೀನು. ರೋಹುವಿನ ತುಟಿಯ ಅಂಚು ಜಾಲರಿಯಂತಿದ್ದು ಬಾಯಿ ಸ್ವಲ್ಪ ಕೆಳಮುಖವಾಗಿರುತ್ತದೆ, ಅದು ನಡುನೀರಿನದು. ಮೃಗಾಲ್‌ನ ತುಟಿ ತೆಳು, ಬಾಯಿ ಮೂತಿಯ ಕೆಳಗಿದೆ. ಅದು ತಳದ ಕೊಳೆತ ಪದಾರ್ಥವನ್ನು ಹೆಕ್ಕಿ ತಿನ್ನುತ್ತದೆ. ನಮ್ಮ ಕೆರೆಗಳಲ್ಲಿ ಈ ಮೂರನ್ನೂ ಒಟ್ಟಿಗೆ ಬಿಟ್ಟು ಸಾಕುವುದೂ ಇದೇ ಕಾರಣಕ್ಕೆ: ಒಂದರ ಮೇವಿಗೆ ಇನ್ನೊಂದು ಹೆಚ್ಚು ಅಡ್ಡಬರುವುದಿಲ್ಲ. ಗಾಳ ಹಾಕುವವರಿಗೆ ಇದರ ಅರ್ಥ ಸ್ಪಷ್ಟವಾಗಿದೆ. ಕಾಟ್ಲಾಕ್ಕೆಂದು ತಳದಲ್ಲಿ ಎರೆಹುಳು ಇಳಿಬಿಟ್ಟು ದಿನವಿಡೀ ಕೂತರೆ ಬೇರೇನೋ ಸಿಕ್ಕೀತು, ಕಾಟ್ಲಾ ಸಿಗುವುದು ಅಪರೂಪ.

ಅನುಮತಿ ಮೊದಲು

ಕರ್ನಾಟಕದ ಬಹುತೇಕ ಕೆರೆಗಳ ಮೀನುಗಾರಿಕೆ ಹಕ್ಕನ್ನು ಗುತ್ತಿಗೆಗೆ ಕೊಡಲಾಗುತ್ತದೆ. ಮರಿ ಬಿಟ್ಟವರು, ಕಾವಲು ಕಾಯುವವರು ಗುತ್ತಿಗೆದಾರರೇ ಆಗಿರುವುದರಿಂದ ಅವರನ್ನು ಕೇಳದೆ ಗಾಳ ಹಾಕುವುದು ಸರಿಯಲ್ಲ. ಜಲಾಶಯಗಳಿಗೆ ಸಂಬಂಧಿಸಿ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಬೇಕು. ಮುಂಗಾರಿನ ಹೊಸ ನೀರು ಬರುವ ಕಾಲದಲ್ಲಿ ಈ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಹತ್ತುತ್ತವೆ. ಆ ತಿಂಗಳುಗಳಲ್ಲಿ, ನಿಷೇಧವಿರಲಿ ಇಲ್ಲದಿರಲಿ, ಗಾಳವನ್ನು ಮನೆಯಲ್ಲೇ ಇಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅಭಯಾರಣ್ಯಗಳ ಒಳಗಿನ ನದಿ ಮತ್ತು ದೇವಸ್ಥಾನಗಳು ಕಾಪಾಡಿಕೊಂಡು ಬಂದಿರುವ ಶೃಂಗೇರಿ, ಶಿಶಿಲದಂಥ ಮಡುಗಳ ಹತ್ತಿರ ಗಾಳದ ಮಾತೇ ಸಲ್ಲದು.

ಜಾಗ ಮತ್ತು ಹೊತ್ತು

ಕೆರೆಯಲ್ಲಿ ನೀರು ಸಾಮಾನ್ಯವಾಗಿ ಏರಿಯ ಕಡೆ, ಅದರಲ್ಲೂ ತೂಬಿನ ಹತ್ತಿರ, ಅತಿ ಆಳವಾಗಿರುತ್ತದೆ. ಹಳ್ಳ ಬಂದು ಸೇರುವ ಕಡೆ ತೆಳುವಾಗಿರುತ್ತದೆ. ಬಿಸಿಲು ಏರಿದಂತೆ ದೊಡ್ಡ ಮೀನುಗಳು ಆಳಕ್ಕೆ ಸರಿಯುತ್ತವೆ, ಬೆಳಗ್ಗೆ ಮತ್ತು ಸಂಜೆ ಅಂಚಿಗೆ ಬರುತ್ತವೆ. ಜೊಂಡು ಮುಗಿದು ತಿಳಿನೀರು ಶುರುವಾಗುವ ಗೆರೆಯನ್ನು ಹುಡುಕಿ ಕೂತರೆ ಅರ್ಧ ಕೆಲಸ ಮುಗಿದಂತೆ.

ಬೆಳಗಿನ ಹೊತ್ತೇ ಶ್ರೇಷ್ಠ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ನೀರು ಹಸಿರುಗಟ್ಟಿದ ಕೆರೆಗಳಲ್ಲಿ ಪಾಚಿ ರಾತ್ರಿಯೆಲ್ಲ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ನಸುಕಿನಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ದಿನದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ಮೇಯುತ್ತಿಲ್ಲ, ಉಸಿರಿಗೆ ಪರದಾಡುತ್ತಿವೆ. ಅಂಥ ದಿನ ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆಯುವವರೆಗೆ ಕಾಯಬೇಕು.

ಗಾಳ ಕಟ್ಟುವ ಕ್ರಮ

ಗೆಂಡೆ ಮೀನುಗಳಿಗೆ ಏಳೆಂಟು ಅಡಿಯ ರಾಡ್, ಸಾಧಾರಣ ಸ್ಪಿನ್ನಿಂಗ್ ರೀಲ್ ಮತ್ತು 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ ಸಾಕು. ಗಾಳದ ಕೊಕ್ಕೆಯ ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದನ್ನು ಅಂಗಡಿಯಲ್ಲಿ ನೆನಪಿಡಿ. ಇಲ್ಲಿ 6 ಅಥವಾ 8ನೆಯ ಸಂಖ್ಯೆಯದು ಹೊಂದುತ್ತದೆ. ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದು ನೋಡಿ: ಜಾರಿದರೆ ಮೊಂಡಾಗಿದೆ, ಕಚ್ಚಿ ನಿಂತರೆ ಸರಿಯಿದೆ. ಗಂಟು ಬಿಗಿಯುವ ಮೊದಲು ಎಂಜಲು ಅಥವಾ ನೀರು ಹಚ್ಚಲೇಬೇಕು. ಒಣ ನೈಲಾನನ್ನು ಬಿಗಿದಾಗ ಉಜ್ಜಾಟದ ಬಿಸಿಗೆ ದಾರ ಗಂಟಿನಲ್ಲೇ ದುರ್ಬಲಗೊಳ್ಳುತ್ತದೆ. ದೊಡ್ಡ ಮೀನು ದಾರ ಹರಿದುಕೊಂಡು ಹೋಯಿತೆಂದು ಹೇಳುವಾಗ ಹರಿದಿರುವುದು ಬಹಳ ಸಲ ಈ ಗಂಟೇ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ದಾರ ಬಿಡುವ ಬಿಗಿಯನ್ನು ನಿಯಂತ್ರಿಸುವ ತಿರುಪನ್ನು, ದಾರ ತಡೆಯುವ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ಎಳೆತಕ್ಕೇ ದಾರ ಬಿಡುವಂತೆ ಹೊಂದಿಸಿಕೊಳ್ಳಿ.

ನಂತರ ಆಳ ಅಳೆಯಬೇಕು. ಬೆಂಡು ಕಟ್ಟಿದ ದಾರದ ತುದಿಗೆ ಭಾರವಾದ ಸೀಸದ ಗುಂಡೊಂದನ್ನು ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ಅದನ್ನು ದಾರದ ಮೇಲೆ ಇನ್ನಷ್ಟು ಮೇಲಕ್ಕೆ ಸರಿಸಿ. ಅಡ್ಡಬಿದ್ದು ತೇಲಿದರೆ ಕೆಳಕ್ಕೆ ತನ್ನಿ. ಬೆಂಡಿನ ತುದಿ ಮಾತ್ರ ಕಾಣುವ ಹಂತ ಸಿಕ್ಕಿದಾಗ ಆ ಜಾಗದ ಆಳ ನಿಮ್ಮ ಕೈಯಲ್ಲಿದೆ. ಆಮೇಲೆ ಗುಂಡನ್ನು ತೆಗೆದು, ಮೃಗಾಲ್‌ಗಾದರೆ ಮೇವು ತಳ ಮುಟ್ಟುವಂತೆ, ರೋಹುವಿಗಾದರೆ ತಳದಿಂದ ಸ್ವಲ್ಪ ಎತ್ತರದಿಂದ ಶುರುಮಾಡಿ ನಡುನೀರಿನವರೆಗೆ, ಕಾಟ್ಲಾಕ್ಕಾದರೆ ಮೇಲಿನಿಂದ ಮೂರು-ನಾಲ್ಕು ಅಡಿಯೊಳಗೆ ನಿಲ್ಲಿಸಬೇಕು.

ಮೇವು ಎಸೆದು ಮೀನನ್ನು ಒಂದು ಕಡೆ ಕೂಡಿಸುವುದು ಮುಂದಿನ ಹೆಜ್ಜೆ. ಈ ಕಲೆಗೆ ನಮ್ಮ ನೆಲದಲ್ಲಿ ಹಳೆಯ ದಾಖಲೆಯಿದೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದು ರಾಜರ ವಿನೋದಗಳಲ್ಲೊಂದು, ಮೀನಿನ ಜಾತಿಗಳನ್ನೂ ಅವುಗಳಿಗೆ ಒಪ್ಪುವ ಮೇವನ್ನೂ ಅಲ್ಲಿ ವಿವರಿಸಲಾಗಿದೆ. ಇಂದಿನ ಮೇವು ಸರಳವಾದದ್ದು. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ಅಕ್ಕಿ ತೌಡು ಮತ್ತು ಹುರಿದ ರಾಗಿ ಹಿಟ್ಟಿನೊಂದಿಗೆ ಕಲಸಿದರೆ ಸಾಕು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗೆ ಇದನ್ನು ತಳ ಮುಟ್ಟುವಷ್ಟು ಗಟ್ಟಿಯಾಗಿ ಉಂಡೆ ಕಟ್ಟಬೇಕು. ಕಾಟ್ಲಾಕ್ಕೆ ನೀರಿಗೆ ಬಿದ್ದ ಕೂಡಲೇ ಬಿರಿದು ಮೋಡದಂತೆ ಹರಡುವಷ್ಟು ಸಡಿಲವಾಗಿರಬೇಕು.

ಕಾಟ್ಲಾದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರಿಗೆ ಹೆಚ್ಚು ನಿರಾಸೆ ಮಾಡುವ ಮೀನು ಇದೇ. ಕಾಟ್ಲಾ ಮುಖ್ಯವಾಗಿ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ. ಅದು ಮೇವನ್ನು ಕಚ್ಚಿ ಓಡುವುದಿಲ್ಲ. ಬಾಯಿ ತೆರೆದು ನೀರಿನ ಸಮೇತ ಒಳಕ್ಕೆಳೆದುಕೊಳ್ಳುತ್ತದೆ, ಬೇಡವಾದದ್ದನ್ನು ಹೊರಕ್ಕೂದುತ್ತದೆ. ಅದಕ್ಕಾಗಿಯೇ ಸ್ಪ್ರಿಂಗ್ ಗಾಳ ಬಳಕೆಗೆ ಬಂದಿದೆ. ಚಿಕ್ಕ ತಂತಿ ಸ್ಪ್ರಿಂಗ್‌ನ ಸುತ್ತ ಕಲಸಿದ ಹಿಟ್ಟನ್ನು ಒತ್ತಿ, ಅದರಿಂದ ಇಳಿಬಿದ್ದ ನಾಲ್ಕಾರು ಗಿಡ್ಡ ದಾರಗಳ ಕೊಕ್ಕೆಗಳನ್ನು ಆ ಹಿಟ್ಟಿನೊಳಗೆ ಅಡಗಿಸುತ್ತಾರೆ. ಹಿಟ್ಟು ಕರಗುತ್ತಾ ಹೋದಂತೆ ಕೊಕ್ಕೆಗಳು ಬಿಡಿಸಿಕೊಂಡು ಅದರ ನಡುವೆ ತೂಗಾಡುತ್ತವೆ. ಕಾಟ್ಲಾ ಹಿಟ್ಟಿನೊಂದಿಗೆ ಕೊಕ್ಕೆಯನ್ನೂ ಒಳಗೆಳೆದುಕೊಳ್ಳುತ್ತದೆ. ಬೆಂಡು ಮೆಲ್ಲನೆ ಅದುರಿ ಒಂದಿಂಚು ಕೆಳಗಿಳಿಯುವುದೇ ಅದರ ಸೂಚನೆ, ಆಗಲೇ ರಾಡ್ ಎತ್ತಬೇಕು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯಲ್ಲಿ ಹಲವು ಸಲ ಇದರ ತದ್ವಿರುದ್ಧ ನಡೆಯುತ್ತದೆ: ತಲೆ ಬಗ್ಗಿಸಿ ಮೇವು ತೆಗೆದುಕೊಂಡ ಮೀನು ನೆಟ್ಟಗಾಗುವಾಗ ದಾರದಲ್ಲಿರುವ ಚಿಕ್ಕ ಸೀಸದ ಭಾರವನ್ನೂ ಎತ್ತುವುದರಿಂದ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ. ಬೆಂಡು ಮುಳುಗಲೆಂದೇ ಕಾಯುತ್ತಾ ಕೂತವರು ಈ ಮೀನನ್ನು ಕಳೆದುಕೊಳ್ಳುತ್ತಾರೆ. ರೋಹು ಸಾಮಾನ್ಯವಾಗಿ ಬೆಂಡನ್ನು ಓರೆಯಾಗಿ ಎಳೆದುಕೊಂಡು ಹೋಗುತ್ತದೆ.

ಕಲಿಯುವವರಿಗೆ ಕೈ ಕುದುರಿಸಿಕೊಳ್ಳಲು ಜಿಲೇಬಿ ಮೀನು ಒಳ್ಳೆಯದು. ಆಫ್ರಿಕಾ ಮೂಲದ ಈ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದು ಈಗ ನಮ್ಮ ಅನೇಕ ಕೆರೆಗಳಲ್ಲಿ ತುಂಬಿಕೊಂಡಿದೆ. ಎರೆಹುಳುವಿನ ತುಂಡೊಂದು ಸಾಕು. ಹಿಡಿದದ್ದನ್ನು ತಿನ್ನಿ, ಬೇರೆ ಕೆರೆಗೆ ಒಯ್ದು ಬಿಡಬೇಡಿ.

ಕೊರಮೀನು: ಕಾಯುವ ಬೇಟೆಗಾರ

ಕೊರಮೀನಿನ ಬಾಯಿ ಅಗಲ, ಹಲ್ಲು ಚೂಪು, ಕಣ್ಣು ಮುಂದಕ್ಕಿದೆ. ಅದು ಮೇಯುವ ಮೀನಲ್ಲ, ಹೊಂಚುಹಾಕುವ ಮೀನು. ತಾವರೆ ಎಲೆಯ ಕೆಳಗೆ, ಜೊಂಡಿನ ಸಂದಿಯಲ್ಲಿ ಅಲುಗಾಡದೆ ನಿಂತಿದ್ದು, ಕಪ್ಪೆಯೋ ಚಿಕ್ಕ ಮೀನೋ ಹಾದುಹೋದಾಗ ಮೇಲೆರಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗ ಇರುವುದರಿಂದ ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಆ ಸದ್ದು ಮತ್ತು ಗುಳ್ಳೆಗಳಿಂದಲೇ ಅದರ ನೆಲೆಯನ್ನು ಗುರುತಿಸಬಹುದು.

ಇದಕ್ಕೆ ಹಿಟ್ಟಿನ ಉಂಡೆ ಉಪಯೋಗವಿಲ್ಲ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವ ಹಳೆಯ ಪದ್ಧತಿಯನ್ನು ಬಿಟ್ಟು ರಬ್ಬರ್ ಕಪ್ಪೆಯನ್ನು ಬಳಸಿ. ಅದರ ಎರಡು ಕೊಕ್ಕೆಗಳು ಮೈಗೆ ಅಂಟಿಕೊಂಡಿರುವುದರಿಂದ ಎಲೆ, ಬಳ್ಳಿಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ದಾರ ಹೆಣೆದದ್ದಾಗಿರಲಿ, 30 ಪೌಂಡ್ ತಡೆಯುವಂತಿರಲಿ, ಏಕೆಂದರೆ ಕಚ್ಚಿದ ಮರುಕ್ಷಣವೇ ಮೀನು ಬೇರುಗಳೊಳಗೆ ನುಗ್ಗುತ್ತದೆ. ಕಪ್ಪೆಯನ್ನು ಎಲೆಗಳ ಮೇಲೆಯೇ ಎಸೆದು, ಸ್ವಲ್ಪ ಎಳೆದು, ನಿಲ್ಲಿಸಿ, ಮತ್ತೆ ಎಳೆಯಿರಿ. ನೀರು ಸಿಡಿದೊಡನೆ ರಾಡ್ ಎಳೆಯಬಾರದು. ಮೀನು ಕಪ್ಪೆಯನ್ನು ಬಾಯೊಳಗೆ ತಿರುಗಿಸಿಕೊಳ್ಳಲು ಕ್ಷಣಕಾಲ ಬಿಟ್ಟು, ದಾರದಲ್ಲಿ ಭಾರ ತಿಳಿದ ಮೇಲೆ ಬಲವಾಗಿ ಎಳೆಯಬೇಕು. ದವಡೆ ಗಟ್ಟಿಮೂಳೆಯಾದ್ದರಿಂದ ಮೆದು ಎಳೆತಕ್ಕೆ ಕೊಕ್ಕೆ ನಾಟುವುದಿಲ್ಲ.

ಒಂದು ಕಟ್ಟುನಿಟ್ಟು ಇಲ್ಲಿದೆ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಛಾಯೆಯ ಪುಟ್ಟ ಮರಿಗಳ ಗುಂಪು ಕುದಿಯುವಂತೆ ಏಳುತ್ತಾ ಮುಳುಗುತ್ತಾ ಸಾಗುವುದು ಕಾಣುತ್ತದೆ. ಅದರ ಕೆಳಗೆ ತಾಯಿ-ತಂದೆ ಕಾವಲಿರುತ್ತವೆ, ಹತ್ತಿರ ಬಂದ ಎಲ್ಲದರ ಮೇಲೂ ಎರಗುತ್ತವೆ. ಆ ಹೊತ್ತಿನಲ್ಲಿ ಅವನ್ನು ಹಿಡಿಯುವುದು ಅತಿ ಸುಲಭ, ಹಿಡಿದರೆ ಆ ಮರಿಗಳಿಗೆ ಉಳಿಗಾಲ ಕಡಿಮೆ. ದಯವಿಟ್ಟು ಆ ಗುಂಪಿನ ಮೇಲೆ ಗಾಳ ಎಸೆಯಬೇಡಿ.

ಮಹಶೀರ್: ಹಿಡಿದರೆ ಬಿಡಲೇಬೇಕು

ಕಾವೇರಿಯ ಮಹಶೀರ್ ಗಾಳ ಹಾಕುವವರ ಲೋಕದಲ್ಲೇ ಹೆಸರಾದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಬಾಯಿಯ ಪಾಠ ಇಲ್ಲಿಯೂ ನಿಜ. ದಪ್ಪ ತುಟಿ, ದವಡೆಯಲ್ಲಿ ಹಲ್ಲೇ ಇಲ್ಲ. ಆದರೆ ಗಂಟಲಿನಲ್ಲಿರುವ ಹಲ್ಲುಗಳು ಏಡಿಯನ್ನು ಪುಡಿಮಾಡುವಷ್ಟು ಬಲವಾಗಿವೆ. ಹಾಗಾಗಿ ಕಾವೇರಿ ತೀರದಲ್ಲಿ ಬಂಡೆಗಳ ನಡುವಿನ ಸೆಳೆತಕ್ಕೆ ಏಡಿಯನ್ನೋ, ಗಟ್ಟಿಯಾಗಿ ಕಲಸಿ ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆಯನ್ನೋ ಇಳಿಬಿಡುತ್ತಿದ್ದರು. ಬೆಂದ ರಾಗಿ ಚಿಕ್ಕ ಮೀನುಗಳ ಕುಟುಕಿಗೆ ಬೇಗ ಉದುರುವುದಿಲ್ಲ, ಹರಿವಿನಲ್ಲೂ ಕರಗುವುದಿಲ್ಲ.

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳು ಒಂದು ಕಾಲಕ್ಕೆ ಇದಕ್ಕೇ ಪ್ರಸಿದ್ಧವಾಗಿದ್ದವು. ಇಂದು ಕಾವೇರಿ ವನ್ಯಜೀವಿಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲ. ಕಾವೇರಿ ಕಣಿವೆಯದ್ದೇ ಆದ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಅತಿ ತೀವ್ರ ವರ್ಗದಲ್ಲಿದೆ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕುವ ದುಷ್ಟತನಗಳ ಜೊತೆಗೆ, ಒಳ್ಳೆಯ ಉದ್ದೇಶದಿಂದಲೇ ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರ್ ಕೂಡ ಅದರ ಜಾಗವನ್ನು ಆಕ್ರಮಿಸಿತು. ಆದ್ದರಿಂದ ಪರವಾನಗಿ ಇರುವ ಬೇರೆಡೆ ಗಾಳ ಹಾಕಿದಾಗ ಯಾವುದೇ ಮಹಶೀರ್ ಸಿಕ್ಕಿದರೂ ಅದು ಬದುಕಿಯೇ ಹಿಂತಿರುಗಬೇಕು.

ಬಿಡುವುದಕ್ಕೂ ಕ್ರಮವಿದೆ. ಕೊಕ್ಕೆಯ ಒಳಮುಳ್ಳನ್ನು ಮುಂಚೆಯೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಬಲವಾದ ದಾರ ಬಳಸಿ ಹೋರಾಟವನ್ನು ಬೇಗ ಮುಗಿಸಿ, ಏಕೆಂದರೆ ದಣಿದಷ್ಟೂ ಮೀನು ಚೇತರಿಸಿಕೊಳ್ಳುವುದು ಕಷ್ಟ. ಒಣಗೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆಪದರ ಕಿತ್ತುಹೋಗಿ ಸೋಂಕು ತಗಲುತ್ತದೆ, ಆದ್ದರಿಂದ ಕೈ ಒದ್ದೆ ಮಾಡಿಕೊಳ್ಳಬೇಕು; ಕಿವಿರಿನೊಳಗೆ ಬೆರಳು ಹಾಕಬಾರದು; ಬಂಡೆಯ ಮೇಲೆ ಮಲಗಿಸಬಾರದು. ಫೋಟೊ ಬೇಕಿದ್ದರೆ ಮೀನು ನೀರಿನಲ್ಲಿರುವಾಗಲೇ ತೆಗೆಯಿರಿ. ಆಮೇಲೆ ಹೊಟ್ಟೆಯ ಕೆಳಗೊಂದು ಕೈ, ಬಾಲದ ಬುಡದಲ್ಲೊಂದು ಕೈ ಇಟ್ಟು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ. ನೀರು ತಾನಾಗಿ ಬಾಯಿಯಿಂದ ಕಿವಿರಿನ ಮೂಲಕ ಹಾಯುತ್ತದೆ. ಹಿಂದೆಮುಂದೆ ಅಲುಗಾಡಿಸುವ ಅಗತ್ಯವಿಲ್ಲ. ಅದು ಬಾಲ ಬೀಸಿ ತಾನಾಗಿ ಹೊರಡುವವರೆಗೆ ಬಿಡಬೇಡಿ, ಅಡ್ಡ ಹೊರಳಿದರೆ ಮತ್ತೆ ಹಿಡಿದು ನಿಲ್ಲಿಸಿ. ಕೊಕ್ಕೆ ಗಂಟಲೊಳಗೆ ಹೋಗಿದ್ದರೆ ಕೀಳಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ, ಉಳಿದ ದಾರದ ತುಂಡುಗಳನ್ನು ಒಂದೂ ಬಿಡದೆ ಚೀಲಕ್ಕೆ ಹಾಕಿಕೊಂಡು ಬನ್ನಿ.