ಒಳಗೆ ಓಡುತ್ತಿತ್ತು, ಹೊರಗೆ ಸಾಯುತ್ತಿತ್ತು: ನನ್ನ ಹಳೆ ಸ್ನೋಬ್ಲೋವರ್ ರಿಪೇರಿ

ಹಿಮ ಎತ್ತಿ ಎಸೆಯುವ ಈ ಗಾಡಿಯ ಎಂಜಿನ್ ಮುಗೀತು, ಗುಜರಿಗೆ ಹಾಕು ಅಂತ ಮೂರು ಜನ ಹೇಳಿದ್ದರು. ಅವರಲ್ಲಿ ಒಬ್ಬರು ದುಡ್ಡು ತಗೊಂಡು ಹೇಳಿದವರು. ಮೊನ್ನೆ ಬೆಳಗ್ಗೆ ಮೈನಸ್ 18 ಡಿಗ್ರಿಯಲ್ಲಿ ಅದೇ ಎಂಜಿನ್ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಒಂದೂವರೆ ಗಂಟೆ ನಿಲ್ಲದೆ ಹಿಮ ಎಸೆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಹಳೆಯದು. ಎಂಟು ಹಾರ್ಸ್‌ಪವರಿನ ಟೆಕಮ್ಸೆ ಕಂಪನಿಯ ಎಂಜಿನ್, ಸೈಡ್ ವಾಲ್ವ್, ಅಂದರೆ ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಹಳೆ ಮಾದರಿ. ಆ ಕಂಪನಿ 2008ರಲ್ಲೇ ಇಂಥ ಎಂಜಿನ್ ಮಾಡುವುದನ್ನು ನಿಲ್ಲಿಸಿತು, ವಯಸ್ಸು ನೀವೇ ಲೆಕ್ಕ ಹಾಕಿ. ನಿಮ್ಮದು ಬೇರೆ ಎಂಜಿನ್ ಆದರೂ ಇಲ್ಲಿನ ಮುಖ್ಯ ವಿಷಯ ಅದಕ್ಕೂ ಹೊಂದುತ್ತದೆ.

ರೋಗ ಹೀಗಿತ್ತು. ಶೆಡ್ಡಿನಲ್ಲಿ, ಬಾಗಿಲು ಪೂರ್ತಿ ತೆಗೆದಿಟ್ಟು ಎಳೆದರೆ, ಐದಾರು ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಹೊರಗೆ ತಂದು ಕೆಲಸ ಶುರು ಮಾಡಿದರೆ ಇಪ್ಪತ್ತು ನಿಮಿಷ ಚೆನ್ನಾಗಿರುತ್ತಿತ್ತು. ಆಮೇಲೆ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಚೋಕ್ ಹಾಕಿ, ಪೆಟ್ರೋಲ್ ಒಳಗೆ ತಳ್ಳುವ ಪ್ರೈಮರ್ ಗುಂಡಿ ಒತ್ತಿ, ತೋಳು ಬಿದ್ದುಹೋಗುವ ತನಕ ಎಳೆದರೂ ಕೆಮ್ಮೂ ಇಲ್ಲ. ಮತ್ತೆ ಶೆಡ್ಡಿಗೆ ತಳ್ಳಿ ಎರಡು ಗಂಟೆ ಬಿಟ್ಟರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್!

ಮೊದಲು ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಒಂಬತ್ತು ದಿನ ಇಟ್ಟುಕೊಂಡರು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, 50 ಪಿಎಸ್‌ಐ ಕೂಡ ಇಲ್ಲ, ಪಿಸ್ಟನ್ ರಿಂಗ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಇಷ್ಟು ಹೇಳುವುದಕ್ಕೆ ಕೊಟ್ಟ ಬಿಲ್ಲು ಹೊಸ ಯಂತ್ರದ ಬೆಲೆಯ ಹತ್ತನೇ ಒಂದು ಭಾಗ. ಈ ಎಂಜಿನ್ನಿನ ಕ್ಯಾಮ್‌ಶಾಫ್ಟಿನಲ್ಲಿ (ವಾಲ್ವ್ ತೆರೆಯುವ ದಂಡ) ಕಂಪ್ರೆಶನ್ ರಿಲೀಸ್, ಅಂದರೆ ಹಗ್ಗ ಎಳೆಯುವುದು ಹಗುರಾಗಲಿ ಅಂತ ಒತ್ತಡ ಸ್ವಲ್ಪ ಬಿಡುವ ವ್ಯವಸ್ಥೆ, ಇದೆ ಅಂತ ಅವರಿಗೆ ಗೊತ್ತಿರಬೇಕಿತ್ತು, ಅಲ್ವಾ? ಹಗ್ಗ ಎಳೆದು ಗೇಜ್ ನೋಡಿದರೆ ಕಡಿಮೆಯೇ ತೋರಿಸುತ್ತದೆ. ನಾನು ಮನೆಗೆ ತಂದು ಪ್ಲಗ್ಗಿನ ವೈರ್ ಕಿತ್ತಿಟ್ಟು ಫ್ಲೈವೀಲನ್ನು (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕೈಯಲ್ಲಿ ಹಿಂದಕ್ಕೆ ಜೋರಾಗಿ ತಿರುಗಿಸಿದೆ. ಹಿಂದಕ್ಕೆ ತಿರುಗಿಸಿದರೆ ಆ ರಿಲೀಸ್ ಅಡ್ಡ ಬರಲ್ಲ. ಚೆಂಡಿನ ಹಾಗೆ ಪುಟಿದು ವಾಪಸ್ ಬಂತು. ರಿಂಗ್ ಹೋಗಿದ್ದರೆ ಹಾಗೆ ಪುಟಿಯಲ್ಲ.

ಕಿಡಿಯೂ ಇತ್ತು. ಪ್ಲಗ್ ಹೊಸದು ಹಾಕಿ ಗ್ಯಾಪ್ 0.76 ಮಿಲಿಮೀಟರಿಗೆ ಇಟ್ಟೆ. ಎಂಜಿನ್ ಸತ್ತ ತಕ್ಷಣ ಹೊರಗೇ ನಿಂತು ಪ್ಲಗ್ ಬಿಚ್ಚಿ ನೋಡಿದೆ. ಒಣಗಿತ್ತು. ಅಷ್ಟೊಂದು ಚೋಕ್ ಹಾಕಿ ಎಳೆದ ಮೇಲೂ ಪ್ಲಗ್ ಒಣಗಿದೆ ಅಂದರೆ ಪೆಟ್ರೋಲ್ ಬರುತ್ತಿಲ್ಲ. ಅಲ್ಲಿಗೆ ಅರ್ಧ ಕೇಸು ಮುಗಿದಿತ್ತು, ಆದರೆ ನಾನು ತಪ್ಪು ದಾರಿ ಹಿಡಿದೆ.

ಪಕ್ಕದ ಮನೆಯವರ ಮಾತು ಕೇಳಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರನ್ನೇ ಬದಲಿಸೋಣ ಅಂತ ಅಗ್ಗದ ನಕಲಿ ಒಂದನ್ನು ತರಿಸಿದೆ. ಹೊಸ ಯಂತ್ರದ ಬೆಲೆಯ ಮೂವತ್ತನೇ ಒಂದು ಭಾಗ ಇರಬಹುದು, ಅಗ್ಗವೇ. ಎಂಜಿನ್ನಿನ ವೇಗ ಏರಿಳಿದು ಏರಿಳಿದು ತೂಗಾಡಿತು. ಹೊರಗೆ ಅದೇ ಇಪ್ಪತ್ತು ನಿಮಿಷಕ್ಕೆ ಅದೂ ಸತ್ತಿತು. ಕಿತ್ತು ಡಬ್ಬಕ್ಕೆ ಹಾಕಿ ಹಳೆಯದನ್ನೇ ಬಿಚ್ಚಿದೆ.

ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲ್, ಅದನ್ನು ಹಿಡಿದಿಡುವ ಬೋಲ್ಟ್ ಇದೆಯಲ್ಲ, ಈ ಕಾರ್ಬೊರೇಟರಿನಲ್ಲಿ ಜೆಟ್ (ಪೆಟ್ರೋಲ್ ಅಳತೆಯಲ್ಲಿ ಬಿಡುವ ತೂತು) ಅಂದರೆ ಅದೇ. ದೊಡ್ಡ ತೂತು ಎಲ್ಲರಿಗೂ ಕಾಣುತ್ತದೆ. ಅದರ ಹತ್ತಿರ ಕೂದಲು ತೂರುವಷ್ಟು ಸಣ್ಣ ತೂತು ಇನ್ನೊಂದಿದೆ, ಐಡಲ್‌ಗೆ, ಅಂದರೆ ಎಂಜಿನ್ ಸುಮ್ಮನೆ ನಿಧಾನ ಓಡುವಾಗ, ಪೆಟ್ರೋಲ್ ಹೋಗುವುದು ಅದರಲ್ಲಿ. ನನ್ನದರಲ್ಲಿ ಪೂರ್ತಿ ಮುಚ್ಚಿತ್ತು. ವೈರ್ ಬ್ರಷ್ಷಿನಿಂದ ಒಂದೇ ಎಳೆ ಕಿತ್ತು, ಬೆಳಕಿಗೆ ಹಿಡಿದು ಚುಚ್ಚಿದೆ. ಹಸಿರು ಪುಡಿ ಉದುರಿತು.

ಆಮೇಲೆ ಒಂದು ಎಡವಟ್ಟು. ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ಸೂಜಿ ಕೂರುವ ಸಣ್ಣ ರಬ್ಬರ್ ಸೀಟಿನ ಒಂದು ಬದಿಯಲ್ಲಿ ಗೀರು ಇರುತ್ತದೆ. ಗೀರಿನ ಬದಿ ಒಳಗೆ ಹೋಗಬೇಕು, ನುಣುಪು ಬದಿ ಸೂಜಿಗೆ. ನಾನು ಉಲ್ಟಾ ಹಾಕಿದೆ. ಬೆಳಗ್ಗೆ ನೋಡಿದರೆ ಟ್ಯಾಂಕಿನ ಪೆಟ್ರೋಲ್ ಅರ್ಧ ಎಂಜಿನ್ ಆಯಿಲ್‌ಗೆ ಇಳಿದಿತ್ತು. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ಬಂಕ್ ವಾಸನೆ. ಹೊಸ ಆಯಿಲ್ ದಂಡ, ಹೊಸ ಸೀಟ್ ದಂಡ, ಒಂದು ವಾರವೂ ದಂಡ. ಆ ವಾರ ಪೂರ್ತಿ ಹಿಮ ಬಿತ್ತು. ಸಲಿಕೆಯಲ್ಲಿ ತೆಗೆದೆ.

ಅದೇ ವಾರ ಸುಮ್ನೆ ಕೂರಲಾರದೆ ನಕಲಿ ಕಾರ್ಬೊರೇಟರನ್ನು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಸಿ ನೋಡಿದೆ. ಕ್ಲೀನ್ ಏನೋ ಆಯಿತು, ಆದರೆ ಲೋಹ ಕಪ್ಪಾಗಿ ಮೇಲ್ಮೈ ಕೊರೆದ ಹಾಗಾಯಿತು. ನೀವು ಮಾಡಬೇಡಿ. ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿ ಇದಕ್ಕಿಂತ ಸಾವಿರ ಪಾಲು ವಾಸಿ. ಅದರ ನೀರಿಗೆ ನಾನು ಏನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಹಳೆ ಕಾರ್ಬೊರೇಟರ್ ಸರಿಯಾಗಿ ಕೂರಿಸಿದ ಮೇಲೆ ಶೆಡ್ಡಿನಲ್ಲಿ ಎರಡೇ ಎಳೆತಕ್ಕೆ ಸ್ಟಾರ್ಟ್. ಕುಣಿದುಬಿಟ್ಟೆ. ಹೊರಗೆ ತಂದೆ. ಇಪ್ಪತ್ತೆರಡು ನಿಮಿಷ. ಸತ್ತಿತು.

ಆಗ ಹೊಳೆಯಿತು. ರೋಗ ಬರುವುದು ಹೊರಗೆ, ನಾನು ಹುಡುಕುತ್ತಿರುವುದು ಒಳಗೆ. ಗಾಡಿ ಹೊರಗೇ ಇರಲಿ, ಚಳಿಯಲ್ಲೇ ನೋಡೋಣ ಅಂದೆ. ಎಂಜಿನ್ ಆರಿ ತಣ್ಣಗಾಗುವ ತನಕ ಕಾದು, ಪ್ಲಗ್ ವೈರ್ ಕಿತ್ತು, ಕಾರ್ಬೊರೇಟರಿನಿಂದ ಪೆಟ್ರೋಲ್ ಪೈಪ್ ತೆಗೆದು ಗಾಜಿನ ಬಾಟಲಿಗೆ ಬಿಟ್ಟೆ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ನಕ್ಕರು. ಈ ಚಳಿಯಲ್ಲಿ ಬಾಟಲಿ ಹಿಡಿದು ಕೂತವನನ್ನು ನೋಡಿ ಯಾರು ನಗಲ್ಲ? ಶೆಡ್ಡಿನೊಳಗೆ ಇದೇ ಪೈಪಿನಿಂದ ನಿಮಿಷಕ್ಕೆ ಕಾಲು ಲೀಟರಿನಷ್ಟು ಬಂದಿತ್ತು. ಈಗ ಒಂದೊಂದೇ ಹನಿ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದೆಯಾ ಅಂತ ಮುಚ್ಚಳ ಸಡಿಲ ಮಾಡಿದೆ. ಆಗಲೂ ಹನಿಯೇ. ಗ್ಲೌಸ್ ತೆಗೆದು ಟ್ಯಾಂಕಿನ ಕೆಳಗಿನ ವಾಲ್ವನ್ನು ಅಂಗೈಯಲ್ಲಿ ಹಿಡಿದೆ. ಒಂದು ನಿಮಿಷ, ಎರಡು ನಿಮಿಷ, ಬೆರಳು ಮರಗಟ್ಟಿತು. ಆಮೇಲೆ ಗುಳಕ್ ಅಂತ ಸದ್ದಾಗಿ ಪೆಟ್ರೋಲ್ ಧಾರೆಯಾಗಿ ಬಂತು. ಬಾಟಲಿ ಎತ್ತಿ ನೋಡಿದರೆ ತಳದಲ್ಲಿ ಅಕ್ಕಿಕಾಳಿನಷ್ಟು ಮಂಜುಗಡ್ಡೆಯ ಚೂರು, ಪಕ್ಕದಲ್ಲಿ ಪಾದರಸದ ಹಾಗೆ ಉರುಳುವ ನೀರಿನ ಎರಡು ಗುಂಡು!

ತಮಾಷೆ ಏನೆಂದರೆ ಇದಕ್ಕೆ ಅರ್ಧ ಕಾರಣ ನಾನೇ. ಕಾರ್ಬೊರೇಟರ್ ಹಾಳಾಗಬಾರದು ಅಂತ ಜಾಸ್ತಿ ದುಡ್ಡು ಕೊಟ್ಟು ಎಥನಾಲ್ ಇಲ್ಲದ ಪೆಟ್ರೋಲ್ ಹಾಕುತ್ತಿದ್ದೆ. ಎಥನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಇದು ಬಹುತೇಕ ಕರಗಿಸುವುದೇ ಇಲ್ಲ. ಮುಚ್ಚಳದ ಮೇಲೆ ಕೂತ ಹಿಮ ಪೆಟ್ರೋಲ್ ತುಂಬುವಾಗ ಒಳಗೆ ಬಿದ್ದಿದೆ, ಕರಗಿದ ನೀರು ತಳಕ್ಕಿಳಿದು ವಾಲ್ವಿನ ಬಾಯಲ್ಲಿ ಕೂತಿದೆ. ಹೊರಗೆ ಗಡ್ಡೆ, ಒಳಗೆ ನೀರು. ಎಥನಾಲ್ ಇಲ್ಲದ್ದನ್ನು ನಾನು ಇವತ್ತಿಗೂ ಬಿಟ್ಟಿಲ್ಲ, ತಿಂಗಳುಗಟ್ಟಲೆ ನಿಲ್ಲಿಸಿಡುವುದಕ್ಕೆ ಅದೇ ಒಳ್ಳೆಯದು. ಈಗ ಮುಚ್ಚಳ ಒರೆಸಿಯೇ ತೆಗೆಯುತ್ತೇನೆ, ಅಷ್ಟೇ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲ್ ಎರಡು ಸಲ ಕುಲುಕಿ ಚೆಲ್ಲಿದೆ. ಪೈಪ್ ಒಳಗಿನಿಂದ ಮೆತ್ತಗಾಗಿತ್ತು, ಹೊಸದು ಹಾಕಿದೆ. ವಾಲ್ವ್ ಕೂಡ ಹೊಸದು. ಆಲ್ಕೊಹಾಲ್, ಪೈಪ್, ವಾಲ್ವ್ ಮೂರೂ ಸೇರಿ ಮೆಕ್ಯಾನಿಕ್ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ.

ಪಕ್ಕದ ಮನೆಯವರು ನಿನ್ನೆ ಸಂಜೆ ತಮ್ಮ ಗಾಡಿ ತಳ್ಳಿಕೊಂಡು ಬಂದಿದ್ದರು. ಕೈಯಲ್ಲಿ ಉಪ್ಪಿನಕಾಯಿ ಬಾಟಲಿ, ಖಾಲಿ, ತೊಳೆದಿದ್ದು. ಅವರದ್ದರಲ್ಲಿ ನೀರಿರಲಿಲ್ಲ, ತೆಗೆದರೆ ಎಂಜಿನ್ ಸ್ಟಾರ್ಟ್ ಆಗದ ಸೇಫ್ಟಿ ಕೀ ಅರ್ಧ ಹೊರಗೆ ಬಂದಿತ್ತು. ನನ್ನದು ಅರ್ಧ ಥ್ರಾಟಲ್‌ನಲ್ಲಿ ಇನ್ನೂ ಸ್ವಲ್ಪ ತೂಗಾಡುತ್ತದೆ. ಕಾರ್ಬೊರೇಟರಿನ ವೆಲ್ಚ್ ಪ್ಲಗ್ (ಸಣ್ಣ ಲೋಹದ ಮುಚ್ಚಳ) ಹಿಂದಿನ ಸಣ್ಣ ತೂತುಗಳು ಕಟ್ಟಿರಬೇಕು. ಬೇಸಿಗೆ ಬರಲಿ, ಬಿಚ್ಚುತ್ತೇನೆ.