ಪೈಪ್ ಹಾಕಿದ ಕೂಡಲೇ ನಿಮ್ಮ ಶೆಲ್ ನಿಂತುಹೋಗುತ್ತದೆಯೇ?

ಪುಣೆಯ ನಮ್ಮ ಬಳಗದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾನುವಾರ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಅಕ್ಕನ ಮಗಳು ಸಿ ಭಾಷೆಯಲ್ಲಿ ಪುಟ್ಟ ಶೆಲ್ (ನಾವು ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಂ) ಬರೆಯುತ್ತಿದ್ದಳು. ಬಿಡಿ ಆದೇಶಗಳೆಲ್ಲ ಸರಿಯಾಗಿ ನಡೆದವು. 'ಎಲ್‌ಎಸ್' ಕೊಟ್ಟ ಕಡತಗಳ ಪಟ್ಟಿಯನ್ನು ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಒಯ್ಯುವ ಕೊಳವೆ) ಮೂಲಕ, ಸಾಲುಗಳನ್ನು ಕ್ರಮವಾಗಿ ಜೋಡಿಸುವ 'ಸಾರ್ಟ್'ಗೆ ಕಳುಹಿಸಿದ ಕೂಡಲೇ ಎಲ್ಲವೂ ಸ್ತಬ್ಧ. ಎರಡು ಗಂಟೆ ಹುಡುಕಿದೆವು.

ಕಾರಣ ಇಷ್ಟೇ: ಪೈಪ್‌ನ ಬರೆಯುವ ತುದಿ ಯಾವುದೇ ಒಂದು ಪ್ರಕ್ರಿಯೆಯಲ್ಲಿ (ನಡೆಯುತ್ತಿರುವ ಪ್ರೋಗ್ರಾಂನಲ್ಲಿ) ತೆರೆದಿದ್ದರೂ ಓದುವವನಿಗೆ 'ಮುಗಿಯಿತು' ಎಂಬ ಸೂಚನೆ ಸಿಗುವುದಿಲ್ಲ. ಫೋರ್ಕ್ ಮಾಡಿದಾಗ, ಅಂದರೆ ಪ್ರಕ್ರಿಯೆಯೊಂದು ತನ್ನದೇ ನಕಲಾದ ಮರಿ ಪ್ರಕ್ರಿಯೆಯನ್ನು ಹುಟ್ಟಿಸಿದಾಗ, ಎರಡೂ ತುದಿಗಳ ನಕಲು ಆ ಮರಿಗೂ ಹೋಗುತ್ತದೆ. ಆದ್ದರಿಂದ ಮರಿಗಳಲ್ಲಿ ಡಪ್2 (ಪೈಪ್‌ನ ತುದಿಯನ್ನು ಪ್ರಕ್ರಿಯೆಯ ಇನ್‌ಪುಟ್ ಅಥವಾ ಔಟ್‌ಪುಟ್‌ಗೆ ಜೋಡಿಸುವ ಕರೆ) ಆದ ಮೇಲೆ ಎರಡೂ ಮೂಲ ತುದಿಗಳನ್ನು ಮುಚ್ಚಿ. ತಾಯಿ ಪ್ರಕ್ರಿಯೆಯಲ್ಲಿಯೂ, ಮರಿ ಮುಗಿಯುವವರೆಗೆ ಕಾಯುವ ವೇಟ್‌ಪಿಡ್ ಕರೆಯುವ ಮೊದಲೇ, ತಪ್ಪದೆ ಮುಚ್ಚಿ. ಅವಳು ಮರೆತದ್ದು ಇದನ್ನೇ.

ಮೊದಲ ಮರಿ ಮುಗಿಯಲೆಂದು ಕಾದು ಎರಡನೆಯದನ್ನು ಶುರು ಮಾಡಬೇಡಿ. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ 65,536 ಬೈಟ್ ಮಾತ್ರ ಹಿಡಿಯುತ್ತದೆ. ಅದು ತುಂಬಿದರೆ, ಓದುವವರಿಲ್ಲದೆ ಮೊದಲನೆಯದು ಅಲ್ಲೇ ಸಿಕ್ಕಿಬೀಳುತ್ತದೆ.

ಅಂದಹಾಗೆ, ಕಡತಕೋಶ ಬದಲಿಸುವ 'ಸಿಡಿ' ಆದೇಶಕ್ಕೆ ಫೋರ್ಕ್ ಬೇಡ. ಮರಿ ಪ್ರಕ್ರಿಯೆ ಕಡತಕೋಶ ಬದಲಿಸಿದರೆ ತಾಯಿ ಇದ್ದಲ್ಲೇ ಇರುತ್ತದೆ. ಆ ಬದಲಾವಣೆ ಮಾಡುವ ಸಿಎಚ್‌ಡಿಐಆರ್ (chdir) ಅನ್ನು ಶೆಲ್ಲೇ ನೇರವಾಗಿ ಕರೆಯಬೇಕು.

ಯಾರದ್ದಾದರೂ ಇನ್ನೂ ನಿಲ್ಲುತ್ತಿದ್ದರೆ ಕೋಡ್ ಇಲ್ಲಿ ಹಾಕಿ, ರಾತ್ರಿ ಕುಳಿತು ನೋಡುತ್ತೇನೆ.