ಡ್ಯೂ ಡೇಟ್ ಟೆನ್ಷನ್ ನಾನು ಕಮ್ಮಿ ಮಾಡ್ಕೊಂಡಿದ್ದು ಹೀಗೆ

ದಾವಣಗೆರೇಲಿ ನಂದೊಂದು ಸಣ್ಣ ಟ್ಯಾಕ್ಸ್ ಆಫೀಸು, ಚೌಕಿಪೇಟೆ ಮಂಡಿಪೇಟೆ ಅಂಗಡಿಯವ್ರೇ ಜಾಸ್ತಿ. ತಿಂಗಳು ಪೂರ್ತಿ ತಾರೀಖಿನ ಹಿಂದೆನೇ ಓಟ, 7ಕ್ಕೆ ಟಿಡಿಎಸ್ ಅಂದ್ರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ಟ್ಯಾಕ್ಸ್ ಕಟ್ಟೋದು, 11ಕ್ಕೆ ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ಲೆಕ್ಕ, 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ 3ಬಿ ಅಂದ್ರೆ ಜಿಎಸ್‌ಟಿ ಕಟ್ಟಿ ಹಾಕೋ ತಿಂಗಳ ರಿಟರ್ನ್, ಉಸಿರು ಬಿಡೋಷ್ಟರಲ್ಲಿ ಮತ್ತೆ 7. 2017ರಲ್ಲಿ ಜಿಎಸ್‌ಟಿ ಬಂದ್ಮೇಲೆ ನಮ್ ಲೈನಲ್ಲಿ ಬಿಪಿ, ಗ್ಯಾಸ್ಟ್ರಿಕ್ಕು ಮಾಮೂಲಾಗಿಬಿಟ್ಟಿದೆ, ನನಗೂ ನಡುರಾತ್ರಿ ಎಚ್ಚರ ಆಗಿ ಯಾರದೋ ಬಿಲ್ಲು ನೆನಪಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ.

ಕೆಲಸ ಎಷ್ಟಿದ್ರೂ ಮಾಡಬಹುದು, ಈ ಕಾಯೋದಿದೆಯಲ್ಲ ಅದೇ ಜೀವ ಹಿಂಡೋದು. ಪರ್ಚೇಸ್ ಬಿಲ್ಲುಗಳು 19ರ ಸಂಜೆ ವಾಟ್ಸಾಪಲ್ಲಿ ಮಸುಕು ಮಸುಕಾಗಿ ಬರುತ್ವೆ, 2ಬಿ (ಮಾರಿದವ್ರು ಹಾಕಿದ ಬಿಲ್ಲಿನಿಂದ ಪೋರ್ಟಲ್ಲೇ ಮಾಡಿಕೊಡೋ ಖರೀದಿ ಪಟ್ಟಿ) ಜೊತೆ ತಾಳೆ ನೋಡೋಕೆ ಟೈಮಿಲ್ಲ, ಜಿಎಸ್‌ಟಿ ಪೋರ್ಟಲ್ ಸುತ್ತುತ್ತಾನೇ ಇರುತ್ತೆ, ಓಟಿಪಿಗೆ ಫೋನ್ ಮಾಡಿದ್ರೆ ಓನರ್ರು ಮದುವೆ ಮನೇಲಿರ್ತಾರೆ.

ಹಾಗಾಗಿ ನಂದೇ ಒಂದು ಡೇಟ್ ಇಟ್ಟೆ. 5ನೇ ತಾರೀಖಿನೊಳಗೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಆಫೀಸಲ್ಲಿರಬೇಕು, ಲೇಟಾದ್ರೆ 3ಬಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಟ್ಯಾಕ್ಸ್ ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ಎರಡೂ ನಿಮ್ದೇ ಅಂತ ಮುಲಾಜಿಲ್ಲದೆ ಹೇಳಿದೆ. "ಏನ್ ಸಾರ್, ಇಷ್ಟು ವರ್ಷದ ಗುರುತು" ಅಂತ ಬೇಜಾರಾದವ್ರೂ ಇದ್ದಾರೆ, ಕೆಲವರು ಬೇರೆ ಕಡೆ ಹೋದ್ರು. 14ಕ್ಕೆ 2ಬಿ ಬಂದ ತಕ್ಷಣ ತಾಳೆ ನೋಡಿ 18ರೊಳಗೆ ಫೈಲ್ ಮಾಡ್ತೀವಿ, ಓಟಿಪಿಗೆ ಹಿಂದಿನ ದಿನವೇ ಫೋನ್ ಮಾಡಿ ಟೈಮ್ ಹೇಳಿರ್ತೀವಿ. ಇದೊಂದರಿಂದಲೇ ಅರ್ಧ ಟೆನ್ಷನ್ ಹೋಯ್ತು.

ಎಕ್ಸ್‌ಟೆನ್ಷನ್ ಸುದ್ದಿ ಕಾಯೋದನ್ನೂ ಬಿಟ್ಟೆ. 2025ರಲ್ಲಿ ಐಟಿ ರಿಟರ್ನ್ ಡೇಟು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯ್ತು, ಆಮೇಲೆ ಇನ್ನೊಂದೇ ಒಂದು ದಿನ 16 ಅಂತ 15ರ ರಾತ್ರಿ ಹೇಳಿದ್ರು, ಅದನ್ನ ನಂಬ್ಕೊಂಡು ಕೂತವರ ಆರೋಗ್ಯದ ಗತಿ ಏನು ಹೇಳಿ.

ಆರ್ಟಿಕಲ್ ಹುಡುಗರ, ಅಂದ್ರೆ ಸಿಎ ಓದ್ತಾ ನಮ್ ಆಫೀಸಲ್ಲಿ ಟ್ರೈನಿಂಗ್ ಮಾಡೋರ ವಿಷಯದಲ್ಲಿ ಇನ್ನೂ ಹುಷಾರಾಗಿರ್ತೀನಿ, ಅವರು ಬಾಯಿಬಿಟ್ಟು ಹೇಳೋದಿಲ್ಲ. ಮೇಲಿಂದ ಅವರಿಗೆ ಸಿಎ ಪರೀಕ್ಷೆ ಬೇರೆ. ಒಬ್ಬ ಹುಡುಗಿ ಊಟ ಬಿಟ್ಟು ಸುಮ್ಮನಾಗಿಬಿಟ್ಟಿದ್ಲು, ಕೂರಿಸಿ ಕೇಳಿದಾಗ ಅತ್ತಳು, ರಜೆ ಕೊಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಈಗ ಸೆಪ್ಟೆಂಬರ್ 30ರ ಆಡಿಟ್ ಸೀಸನ್ ಇದ್ರೂ ರಾತ್ರಿ 8ಕ್ಕೆ ಆಫೀಸ್ ಬಾಗಿಲು ಹಾಕ್ತೀವಿ, ಅದಕ್ಕೋಸ್ಕರ ಟ್ಯಾಲಿ ಎಂಟ್ರಿ, ಸ್ಟಾಕ್ ಲಿಸ್ಟ್ ಎಲ್ಲಾ ಮೇ ತಿಂಗಳಿಂದಲೇ ಶುರು.